ರೌಟರಿನ ಎರಡನೆಯ ಅಂಕಿ

ಮೇ ತಿಂಗಳ ಆ ಗುರುವಾರ ಅಫಜಲಪುರದಲ್ಲಿ ನಾಯಿಗಳೂ ನೆರಳು ಬಿಟ್ಟು ಕದಲುತ್ತಿರಲಿಲ್ಲ. ಅಂಥ ಬಿಸಿಲಲ್ಲಿ ಬಳೆ ಅಂಗಡಿಯ ಪ್ಯಾರಿಬಿ ವ್ಯಾಪಾರದ ಹೊತ್ತಿನಲ್ಲೇ ಬಾಗಿಲು ಹಾಕಿಕೊಂಡು ಭಾಗೀರಥಿಬಾಯಿಯವರ ಮನೆಗೆ ಬಂದಳು. ಸ್ಟೂಲಿನ ಮೇಲೆ ನಿಂತು ಫ್ಯಾನಿನ ಸ್ಕ್ರೂ ಬಿಗಿಯುತ್ತಿದ್ದ ಇಸ್ಮಾಯಿಲ ಅವಳ ಮುಖ ನೋಡಿದವನೇ ಕೆಳಗಿಳಿದ.

"ಅಕ್ಕಾ, ನಾಳೆ ಸಂಜೀಕ ನನ್ನ ಮಗ ಏಜಾಜನ್ನ ಪೊಲೀಸರ ಕೈಗೆ ಕೊಡ್ತಾರಂತ್ರಿ," ಎಂದಳು ಪ್ಯಾರಿಬಿ. "ಆಸ್ಪತ್ರಿ ಔಷಧ ಕದಿಯಾಕ ಕೈಜೋಡಿಸ್ಯಾನ ಅಂತಾರ. ನೀವರೆ ಏನಾರ ಮಾಡ್ರಿ."

ಭಾಗೀರಥಿಬಾಯಿ ಓದುತ್ತಿದ್ದ ಪತ್ರಿಕೆಯನ್ನು ಮಡಚಿಟ್ಟರು. "ಕುಂಡ್ರು. ನೀರು ಕುಡಿ. ಮೊದಲಿಂದ ಹೇಳು."

ಮೂವತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದ ಹೆಂಗಸು ಅವರು. ಸೇರಿದಾಗ ಟ್ರಂಕ್ ಕಾಲ್ ಜೋಡಿಸುವ ಆಪರೇಟರ್, ನಿವೃತ್ತರಾಗುವಾಗ ಇಂಟರ್ನೆಟ್ ಯಂತ್ರಗಳ ಕೋಣೆಯ ಮೇಲ್ವಿಚಾರಕಿ. ಇಸ್ಮಾಯಿಲ ಅದೇ ಎಕ್ಸ್‌ಚೇಂಜಿನ ಲೈನ್‌ಮನ್. ಯಾವ ಊರಿನ ಯಾವ ಕಂಬದಲ್ಲಿ ದೋಷ ಇದೆಯೆಂದು ಬಾಯಿಯವರು ಕೂತಲ್ಲೇ ಹೇಳುತ್ತಿದ್ದರು, ಇವನು ಹೋಗಿ ಕಂಬ ಹತ್ತುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ ಅವರು ತಪ್ಪಿದ್ದು ಎರಡೇ ಸಲ ಎಂದು ಇಸ್ಮಾಯಿಲ ಎಲ್ಲರಿಗೂ ಹೇಳುತ್ತಿದ್ದ. ಕೆಲಸ ಬಿಟ್ಟ ಮೇಲೂ ಊರಿನವರು ಕಳೆದದ್ದು, ಕದ್ದದ್ದು, ಹೆಸರಿಲ್ಲದ ಪತ್ರ ಎಲ್ಲವನ್ನೂ ಅವರ ಪಡಸಾಲೆಗೇ ತರುತ್ತಿದ್ದರು. ಇಸ್ಮಾಯಿಲ ಈಗ ಓಡಿಸುವ ಆಟೋ ಅರ್ಧ ದಿನ ಅವರ ಮನೆಯ ಮುಂದೆಯೇ ನಿಂತಿರುತ್ತಿತ್ತು.

ಪ್ಯಾರಿಬಿ ಹೇಳಿದ್ದು ಇಷ್ಟು. ಒಂದು ಟ್ರಸ್ಟು ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಮೂರು ಆಸ್ಪತ್ರೆ ನಡೆಸುತ್ತದೆ. ಮೂರನ್ನೂ ಜೋಡಿಸುವ ನೆಟ್ಟಿನ ಉಸ್ತುವಾರಿ ಏಜಾಜನದು, ಅವನು ಕೂರುವುದು ಜೇವರ್ಗಿಯಲ್ಲಿ. ನಿನ್ನೆ ಬುಧವಾರ ಮೂರು ಗಂಟೆಗೆ ಅಫಜಲಪುರದ ಆಸ್ಪತ್ರೆಯವರು ಆಳಂದದ ಮೇಲಧಿಕಾರಿಗಳ ಜೊತೆ ಪರದೆಯ ಮೇಲೆ ಮೀಟಿಂಗ್ ನಡೆಸುತ್ತಿದ್ದರು. ಮೂರು ಹತ್ತಕ್ಕೆ ನೆಟ್ ಹೋಯಿತು, ಮೂರು ಇಪ್ಪತ್ತೊಂದಕ್ಕೆ ಬಂತು. ಆಳಂದದವರು ಹಿಂದಿನ ದಿನವೇ ಹೇಳಿದ್ದಂತೆ ನಾಲ್ಕು ಗಂಟೆಗೆ ಔಷಧದ ದಾಸ್ತಾನು ಪರಿಶೀಲಿಸಲು ಹೋದರೆ, ಔಷಧದ ಕೋಣೆಯ ಫ್ರಿಜ್ಜಿನಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ನಿನ ಡಬ್ಬಿ ಇತ್ತು, ಒಳಗಿನ ಇಪ್ಪತ್ತನಾಲ್ಕು ಬಾಟಲಿ ಇರಲಿಲ್ಲ. ಆ ಕೋಣೆಯ ಬಾಗಿಲ ಮೇಲೊಂದು ಕ್ಯಾಮೆರಾ ಇದೆ. ಅದರ ಚಿತ್ರ ಆಳಂದದಲ್ಲಿ ದಾಖಲಾಗುತ್ತದೆ. ಬುಧವಾರ ಇಡೀ ದಿನದ ಚಿತ್ರ ಇದೆ, ಆ ಹನ್ನೊಂದು ನಿಮಿಷದ್ದು ಮಾತ್ರ ಇಲ್ಲ.

"ಇಸ್ಮಾಯಿಲಭಾಯಿ, ಗಾಡಿ ತಗೀರಿ," ಎಂದರು ಭಾಗೀರಥಿಬಾಯಿ.

ಆಸ್ಪತ್ರೆಯ ವ್ಯವಸ್ಥಾಪಕ ಶ್ರೀಮಂತ ಮೇಜಿನ ಮೇಲೆ ಒಂದು ಕಾಗದ ಹರಡಿದ. ಅಲ್ಲಿನ ಎಲ್ಲ ಕಂಪ್ಯೂಟರು, ಕ್ಯಾಮೆರಾಗಳ ಸುದ್ದಿಯನ್ನು ಹೊರಗಿನ ಲೈನಿಗೆ ದಾಟಿಸುವ ಪೆಟ್ಟಿಗೆಗೆ ರೌಟರ್ ಅನ್ನುತ್ತಾರೆ. ಅದರೊಳಗಿನ ಮಿದುಳಿಗೆ, ಅಂದರೆ ಪ್ರೊಸೆಸರಿಗೆ, ಯಾವ ನಿಮಿಷ ಎಷ್ಟು ಕೆಲಸ ಬಿದ್ದಿತ್ತು ಎಂಬುದರ ನಕ್ಷೆ ಅದು.

"ನೋಡ್ರಿ ಬಾಯಿಯವರ, ದಿನಾ ನೂರಕ್ಕ ಹತ್ತು ಹದಿನೈದು ಇರ್ತದ. ನಿನ್ನೆ ಮೂರು ಹತ್ತಕ್ಕ ತೊಂಬತ್ತೊಂಬತ್ತು! ಆವಾಗೇ ಏಜಾಜ ಜೇವರ್ಗಿಯಿಂದ ರೌಟರಿನೊಳಗ ಹೊಕ್ಕಾನ. ದೊಡ್ಡ ದೊಡ್ಡ ಫೈಲು ತುರುಕ್ಯಾನ. ರೌಟರಿಗೆ ಉಸಿರು ಕಟ್ಟೇದ, ಕ್ಯಾಮೆರಾ ಕುರುಡಾಗೇದ. ಇಲ್ಲಿ ಔಷಧಕ್ಕ ಕೈ ಹಾಕಿದಾಕಿ ಹೀರಾಬಾಯಿ."

"ಹಿರಿ ನರ್ಸ್ ಹೀರಾಬಾಯಿ? ಆಕಿ ಯಾಕ?"

"ಆ ಕೋಣಿದು ಎರಡೇ ಕೀಲಿ. ಒಂದು ಡಾಕ್ಟರ್ ನಂದಕಿಶೋರ ಸಾಹೇಬ್ರ ಹತ್ರ, ಒಂದು ಆಕಿ ಹತ್ರ. ಮೀಟಿಂಗಿನ್ಯಾಗ ನಾವು ಮೂರೇ ಮಂದಿ ಇದ್ದಿವಿ. ನೆಟ್ ಹೋದ ಎರಡು ನಿಮಿಷಕ್ಕ ಹೀರಾಬಾಯಿ ವಾರ್ಡಿಗೆ ಅಂತ ಎದ್ದು ಹೋದ್ಳು. ಸಾಹೇಬ್ರು ಕುಂತಲ್ಲಿಂದ ಅಲುಗಾಡಿಲ್ಲ."

ಭಾಗೀರಥಿಬಾಯಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನಕ್ಷೆಯನ್ನು ಬಹಳ ಹೊತ್ತು ನೋಡಿದರು. "ಚುಕ್ಕಿ ಆ ನಿಮಿಷದ ಅತಿ ಹೆಚ್ಚು, ಗೆರಿ ಸರಾಸರಿ. ಹೌದಲ್ಲ? ಮಂಗಳವಾರನೂ ಚುಕ್ಕಿ ತೊಂಬತ್ತು ಮುಟ್ಟೇದ ನೋಡ್ರಿ. ಗೆರಿ ಮಾತ್ರ ಹತ್ತರಾಗ ಅದ. ಒಂದು ಗಳಿಗಿ ಏದುಸಿರು ಬಿಟ್ಟು ಮತ್ತ ಸುಮ್ಮನಾಗೇದ, ಅದು ರೋಗ ಅಲ್ಲ. ನಿನ್ನೆ ಮಾತ್ರ ಗೆರಿನೇ ತೊಂಬತ್ತೊಂಬತ್ತಕ್ಕ ಅಂಟಿಕೊಂಡದ, ಗ್ವಾಡಿ ಕಟ್ಟಿದಂಗ ಏರಿ, ಗ್ವಾಡಿ ಬಿದ್ದಂಗ ಇಳದದ. ಏಜಾಜ ಒಳಗ ಬಂದದ್ದು ಎಷ್ಟಕ್ಕ?"

"ಮೂರು ಹದಿನಾಲ್ಕಕ್ಕ."

"ಏರಿದ್ದು ಮೂರು ಹತ್ತಕ್ಕ."

ಶ್ರೀಮಂತ ತಡವರಿಸಲಿಲ್ಲ. "ಮೊದಲು ಬ್ಯಾರೆ ಏನೋ ಕಿತಾಪತಿ ಮಾಡಿರ್ತಾನ. ಅವಂಗೇನು ಗೊತ್ತಿಲ್ಲೇನ್ರಿ?"

ಅಷ್ಟರಲ್ಲಿ ಡಾಕ್ಟರ್ ನಂದಕಿಶೋರ ಬಂದರು. ಆ ಊರಲ್ಲಿ ಅವರ ಕೈಗುಣಕ್ಕೆ ಕೈಮುಗಿಯದವರಿಲ್ಲ. ಇಸ್ಮಾಯಿಲ ಎದ್ದು ನಿಂತ. ಡಾಕ್ಟರು ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿ, "ಪೊಲೀಸ್ ಬ್ಯಾಡ ಅಂತ ನಾನೇ ಹೇಳಾಕತ್ತೇನಿ, ಬಾಯಿಯವರ. ಆಳಂದದವರು ಕೇಳವಲ್ಲರು. ಹುಡುಗ ಕೆಟ್ಟಾವಲ್ಲ, ಏನೋ ಆಸೆಗೆ ಬಿದ್ದಾನ. ಒಪ್ಪಿಕೊಂಡ್ರ ನಾ ಬಿಡಸ್ತೇನಿ ಅಂತ ಅವನ ತಾಯಿಗೂ ಹೇಳೇನಿ," ಎಂದರು.

ಇಷ್ಟು ಒಳ್ಳೆಯವರೇ ಹೇಳುತ್ತಿದ್ದಾರೆಂದರೆ ಏಜಾಜ ಏನೋ ಮಾಡಿರಲೇಬೇಕು ಎಂದು ಇಸ್ಮಾಯಿಲನಿಗೆ ಅನ್ನಿಸಿತು.

ಏಜಾಜ ಹೊರಗೆ ಬೇವಿನ ಕೆಳಗೆ ನಿಂತಿದ್ದ. ನಿನ್ನೆಯಿಂದ ಬಾಚದ ತಲೆ, ಯಾರನ್ನೂ ನೇರ ನೋಡದ ಕಣ್ಣು. ಅವನ ಆ ನೋಟವೂ ಇಸ್ಮಾಯಿಲನಿಗೆ ಹಿಡಿಸಲಿಲ್ಲ.

"ಮೂರು ಹನ್ನೊಂದಕ್ಕ ನನ್ನ ಫೋನಿಗೆ ಅಲಾರಂ ಬಂತ್ರಿ, ಅಫಜಲಪುರದ ರೌಟರ್ ತ್ರಾಸಿನ್ಯಾಗ ಅದ ಅಂತ," ಎಂದ ಹುಡುಗ. "ಲೈನು ಅಷ್ಟು ನಿಧಾನ ಇತ್ತು, ಒಳಗ ಹೋಗಬೇಕಾದ್ರ ಮೂರು ನಿಮಿಷ ಹಿಡೀತು. ಒಂದು ಫೋಟೋ ಹೊಡಕೊಂಡೆ. ಬಂದ್ ಮಾಡಿ ಚಾಲೂ ಮಾಡಬೇಕು ಅನ್ನೂದ್ರಾಗ ತಾನೇ ಇಳೀತು."

ಫೋಟೋದಲ್ಲಿ ರೌಟರಿನ ಪರದೆ ಇತ್ತು. ಮೇಲಿನ ಸಾಲಿನಲ್ಲಿ 99/9 ಎಂದು ಎರಡು ಅಂಕಿ. ಕೆಳಗೆ ಯಾವ ಕೆಲಸಕ್ಕೆ ಎಷ್ಟು ಎಂಬ ಪಟ್ಟಿ.

"ಈ ಎರಡನೇ ಅಂಕಿ ಬಗ್ಗೆ ಯಾರರೆ ಕೇಳಿದ್ರೇನು?"

"ಯಾರೂ ಇಲ್ರಿ. ತೊಂಬತ್ತೊಂಬತ್ತು ನೋಡೇ ಕಳ್ಳ ಅಂದ್ರು. ನಂಗ ವಾಯರಿನ ಮ್ಯಾಲ ಶಕ್ ಇತ್ತು. ಸಂಜೀಕ ಬಂದು ಒಂದೊಂದೂ ನೋಡಿದೆ, ಎಲ್ಲಾ ಬರೋಬ್ಬರಿ ಅವ. ಈಗ ನಂಗೇ ತಿಳಿವಲ್ದು."

ಹುಡುಗನಿಂದ ದೂರ ಬಂದ ಮೇಲೆ ಇಸ್ಮಾಯಿಲ ತಡೆಯಲಾಗದೆ ಕೇಳಿದ: "ಬಾಯಿಯವರ, ಸಿಟ್ಟಿಗೇಳಬ್ಯಾಡ್ರಿ. ನಂಗ ಇವನ ಮ್ಯಾಲೇ ಸಂಶಯ."

"ಬರಲಿ ಬಿಡ್ರಿ, ಎಲ್ಲಾರ ಮ್ಯಾಲೂ ಬರಲಿ. ಆದ್ರ ಅಂಕಿ ಹೇಳೂದು ಕೇಳ್ರಿ. ನಾ ಟ್ರಂಕ್ ಬೋರ್ಡಿನ್ಯಾಗ ಕುಂತಾಗ ಎರಡು ತರ ಸುಸ್ತು ಇರ್ತಿತ್ತು. ಕಾಲ್ ಜೋಡಿಸಿ ಜೋಡಿಸಿ ಸುಸ್ತಾಗೂದು ಒಂದು. ಒಂದೂ ಕಾಲ್ ಜೋಡಿಸದೇ, ಇವರ ನಂಬರ್ ಎಷ್ಟು ಅವರ ನಂಬರ್ ಎಷ್ಟು ಅನ್ನೋರಿಗೆ ಉತ್ತರ ಕೊಟ್ಟೇ ಸುಸ್ತಾಗೂದು ಇನ್ನೊಂದು. ಇಲ್ಲಿ ಮೊದಲನೇ ಅಂಕಿ ಒಟ್ಟು ದುಡಿಮಿ. ಎರಡನೇದು, ಅದರಾಗ ಸುದ್ದಿ ದಾಟಿಸಾಕ ಹೋಗಿದ್ದು ಎಷ್ಟು ಅಂತ. ದೊಡ್ಡ ಫೈಲು ತುರುಕಿದ್ರ ಎರಡನೇದೂ ಏರಬೇಕಿತ್ತು. ಒಂಬತ್ತರಾಗ ನಿಂತದ."

"ಹಂಗಾರ ಉಳದ ತೊಂಬತ್ತು?"

"ಯಾರೋ ಒಂದೇ ಸವನ ಪ್ರಶ್ನಿ ಕೇಳಿ ಅದರ ತಲಿ ತಿಂದಾರ. ಯಾರು ಅನ್ನೂದು ಗೊತ್ತಾಗಬೇಕು."

ಮೀಟಿಂಗ್ ಹಾಲಿನಲ್ಲಿ ಘತ್ತರಗಿಯ ಅಂಬುಬಾಯಿ ನೆಲ ಒರೆಸುತ್ತಿದ್ದಳು. ಚಹಾ ಕೊಡುವವಳೂ ಅವಳೇ. ಉದ್ದ ಮೇಜಿನ ಕೆಳಗೆ, ಮುಖ್ಯ ಕುರ್ಚಿಯ ಕಾಲ ಬಳಿ, ವಾಯರು ಸಿಕ್ಕಿಸುವ ಎಂಟು ತೂತಿನ ಸಣ್ಣ ಪೆಟ್ಟಿಗೆಯೊಂದು ಮಿಣುಕುತ್ತಿತ್ತು. ಭಾಗೀರಥಿಬಾಯಿ ಬಗ್ಗಿ ಅದನ್ನು ನೋಡುತ್ತಿದ್ದಂತೆ ಅಂಬುಬಾಯಿ ಗಾಬರಿಯಾದಳು.

"ಅದನ್ನ ಮುಟ್ಟಬ್ಯಾಡ್ರಿ ಯವ್ವಾ! ಎರಡು ತಿಂಗಳ ಹಿಂದ ಕಸಾ ಹೊಡೀವಾಗ ಒಂದು ವಾಯರ್ ಜೋತಾಡತಿತ್ತು, ನಾ ತೂತು ಕಂಡಲ್ಲಿ ತುರಕಿದೆ. ಅರ್ಧ ದಿನ ದವಾಖಾನಿ ನೆಟ್ಟೇ ಹೋಗಿತ್ತು. ಏಜಾಜ ಬಂದು ಬೈದ. ಡಾಕ್ಟರ್ ಸಾಹೇಬ್ರು ಇಲ್ಲೇ ಕುಂತಿದ್ರು, 'ಪಾಪ, ಆಕಿಗೇನು ತಿಳೀತದ' ಅಂತ ನಕ್ಕು ಬಿಡಿಸಿದ್ರು. ಅವತ್ತಿಂದ ನಾ ಆ ಕಡಿ ಕಸಬರಿಗಿನೂ ಒಯ್ಯಂಗಿಲ್ಲ."

"ನಿನ್ನೆ ನೆಟ್ ಹೋದಾಗ ಚಹಾ ಯಾರ್‍ಯಾರಿಗೆ ಕೊಟ್ಟಿ?"

"ಶ್ರೀಮಂತ ಸಾಹೇಬ್ರು ಆಳಂದಕ್ಕ ಫೋನ್ ಹಚ್ಚಿ ಹೊರಗ ವರಾಂಡಾದಾಗ ಒದರ್‍ಯಾಡಾಕತ್ತಿದ್ರು, ಅಲ್ಲೇ ಕೊಟ್ಟೆ. ನೆಟ್ ಬಂತು ಅಂದ ಮ್ಯಾಲೇ ಅವರು ಒಳಗ ಹೋಗಿದ್ದು. ಡಾಕ್ಟರ್ ಸಾಹೇಬ್ರಿಗೆ ಇಲ್ಲೇ ಕೊಟ್ಟೆ. ಹೀರಾಬಾಯಿ ಅಕ್ಕ ವಾರ್ಡಿನ್ಯಾಗ ಒಂದು ಕೂಸಿಗೆ ಸಲಾಯಿನ್ ಹಚ್ಚಾಕತ್ತಿದ್ಳು, ಬ್ಯಾಡ ಅಂದ್ಳು."

ಹೀರಾಬಾಯಿ ಔಷಧದ ಕೋಣೆಯ ಬೀಗ ತೆಗೆದು ಪಕ್ಕಕ್ಕೆ ಸರಿದಳು. ಸಣ್ಣ ಕೋಣೆ. ಒಂದು ಫ್ರಿಜ್, ಒಂದು ಮಂಚ, ಮೂಲೆಯಲ್ಲೊಂದು ಏರ್ ಕೂಲರ್. ಇಡೀ ಕೋಣೆಗೆ ಒಂದೇ ಪ್ಲಗ್ ಇದ್ದದ್ದು ಇಸ್ಮಾಯಿಲನ ಕಣ್ಣಿಗೆ ಬಿತ್ತು. ಭಾಗೀರಥಿಬಾಯಿ ಫ್ರಿಜ್ ತೆರೆದು ಇನ್ಸುಲಿನ್ನಿನ ಡಬ್ಬಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು.

"ಎಲ್ಲಾ ಹೊಸಾವು. ಮೇಲಿನ ಚೀಟಿ ಊರಿನ ಅಂಗಡಿದು. ಯಾವಾಗ ಬಂದ್ವು?"

"ನಾ ಶನಿವಾರ ಮಧ್ಯಾಹ್ನ ಮದವಿಗೆ ಅಂತ ಭೂಸನೂರಿಗೆ ಹೋಗಿದ್ದೆ, ಸೋಮವಾರ ಬಂದೆ. ಹಳೇವು ಮುಗದಾವ, ಹೊಸಾವು ತರಿಸಿಟ್ಟೇನಿ ಅಂದ್ರು ಸಾಹೇಬ್ರು."

ಗೋಡೆಗೆ ತೂಗುಹಾಕಿದ್ದ ವಹಿಯಲ್ಲಿ ಫ್ರಿಜ್ಜಿನ ತಂಪು ದಿನಕ್ಕೆರಡು ಸಲ ಬರೆದಿತ್ತು. ಹೀರಾಬಾಯಿಯ ಅಕ್ಷರದಲ್ಲಿ ನಾಲ್ಕು, ಆರು, ಐದು, ಏಳು. ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ಬೇರೆ ಅಕ್ಷರ, ನಾಲ್ಕು ಸಲವೂ ಐದು, ಐದು, ಐದು, ಐದು.

"ಹಾವು ಕಡದವರು ಇತ್ತೀಚಿಗೆ ಯಾರರೆ ಬಂದಿದ್ರೇನು?"

"ಸೋಮವಾರ ಮಧ್ಯಾಹ್ನ ಮಣ್ಣೂರದ ಪೀರಪ್ಪನ್ನ ತಂದಿದ್ರು. ಸಾಹೇಬ್ರು ಗಾಡಿಯಿಂದ ಇಳಸಾಕೇ ಬಿಡಲಿಲ್ಲ, ನೆಟ್ಟಗ ಕಲಬುರಗಿಗೆ ಕಳಿಸಿದ್ರು. ಹಂಗ ಎಂದೂ ಮಾಡಿದವರಲ್ಲ. ಮುಟ್ಟೂದ್ರಾಗ ಎರಡು ತಾಸು ಆಗೇದ. ಜೀವ ಉಳದದ, ಕಿಡ್ನಿ ಕೈಕೊಟ್ಟದ ಅಂತಾರ." ಹೀರಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಬಾಯಿಯವರ, ನಾ ಹದಿನೆಂಟು ವರ್ಷದಿಂದ ಈ ಕೀಲಿ ಇಟ್ಟುಕೊಂಡಾಕಿ. ನಿನ್ನೆಯಿಂದ ಅಂಬುಬಾಯಿನೂ ನನ್ನ ಕೈಚೀಲದ ಕಡಿ ನೋಡ್ತಾಳ."

ಮನೆಗೆ ಮರಳಿದ ಮೇಲೆ ಭಾಗೀರಥಿಬಾಯಿ ಆಳಂದಕ್ಕೆ ಒಂದು ಫೋನ್ ಮಾಡಿದರು. ಯಾರಿಗೆ, ಯಾಕೆ ಎಂದು ಇಸ್ಮಾಯಿಲ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಶುಕ್ರವಾರ ಸಂಜೆ ನಾಲ್ಕಕ್ಕೆ ಎಲ್ಲರೂ ಮೀಟಿಂಗ್ ಹಾಲಿನಲ್ಲಿ ಸೇರಿದರು. ಆಳಂದದಿಂದ ಟ್ರಸ್ಟಿನ ಕಾರ್ಯದರ್ಶಿ ಶ್ರೀರಂಗ ಖುದ್ದಾಗಿ ಬಂದು ಡಾಕ್ಟರ ಪಕ್ಕ ಕೂತಿದ್ದರು. ಎದುರಿಗೆ ಶ್ರೀಮಂತ. ಗೋಡೆಗೆ ಒತ್ತಿಕೊಂಡು ಹೀರಾಬಾಯಿ, ಅಂಬುಬಾಯಿ, ಪ್ಯಾರಿಬಿ. ಏಜಾಜನ ಲ್ಯಾಪ್‌ಟಾಪಿನ ಚಿತ್ರ ದೊಡ್ಡ ಪರದೆಯ ಮೇಲೆ ಬೀಳುತ್ತಿತ್ತು. ಅದರಲ್ಲಿ ರೌಟರಿನ ಅಂಕಿಗಳು: 8/5.

"ಇಸ್ಮಾಯಿಲಭಾಯಿ, ಮೇಜಿನ ಕೆಳಗಿನ ಪೆಟ್ಟಿಗಿಗೆ ಈ ವಾಯರಿನ ಎರಡೂ ತುದಿ ಸಿಕ್ಕಸ್ರಿ."

ಇಸ್ಮಾಯಿಲ ಮೊಣಕಾಲೂರಿ ಒಂದು ಗೇಣುದ್ದದ ವಾಯರಿನ ಎರಡು ತುದಿಯನ್ನೂ ಅದೇ ಪೆಟ್ಟಿಗೆಯ ಎರಡು ತೂತಿಗೆ ಸಿಕ್ಕಿಸಿದ. ಮಿಣುಕುತ್ತಿದ್ದ ದೀಪಗಳೆಲ್ಲ ಒಮ್ಮೆಲೇ ಹುಚ್ಚು ಹಿಡಿದಂತೆ ಹೊಡೆದುಕೊಳ್ಳತೊಡಗಿದವು. ಪರದೆಯ ಮೇಲಿನ ಅಂಕಿ ಮೂವತ್ತಾಯಿತು, ಎಪ್ಪತ್ತಾಯಿತು, ಕೊನೆಗೆ 99/9 ಎಂದು ನಿಂತಿತು. ಹೊರಗಿನಿಂದ ಯಾರೋ "ನೆಟ್ ಹೋತ್ರೀ" ಎಂದು ಕೂಗಿದರು.

"ತಗೀರಿ," ಎಂದರು ಭಾಗೀರಥಿಬಾಯಿ. ಅಂಕಿ ಇಳಿಯಿತು.

"ಬುಧವಾರ ಆಗಿದ್ದು ಇದು. ಯಾವ ಯಂತ್ರ ಯಾವ ವಿಳಾಸದಾಗ ಅದ ಅಂತ ಕಂಪ್ಯೂಟರುಗಳು ಆಗಾಗ ಕೂಗಿ ಕೇಳ್ತಾವ. ರೌಟರ್ ಅದನ್ನ ಕೇಳಿಸಿಕೊಳ್ಳಬೇಕು, ತನಗ ಕೇಳಿದ್ದಾದ್ರ ಉತ್ತರ ಕೊಡಬೇಕು. ವಾಯರ್ ಹಿಂಗ ಬಳಿಯಂಗ ದುಂಡಗಾದ್ರ ಒಂದೇ ಕೂಗು ಸುತ್ತಿ ಸುತ್ತಿ ಲಕ್ಷ ಕೂಗಾಗ್ತದ. ಏಜಾಜನ ಫೋಟೋದ ಪಟ್ಟಿಯೊಳಗ ವಿಳಾಸ ಕೇಳೂ ಕೆಲಸಕ್ಕೇ ಎಂಬತ್ತೊಂದು ಹೋಗೇದ. ಜೇವರ್ಗಿಯಾಗ ಕುಂತು ಅಫಜಲಪುರದ ವಾಯರ್ ಸಿಕ್ಕಸಾಕ ಆಗಂಗಿಲ್ಲ. ಉಳದ ಪೆಟ್ಟಿಗಿಗೆಲ್ಲಾ ಬೀಗ ಅದಾವ. ತೆರೆದಿದ್ದು ಇದೊಂದೇ."

ಶ್ರೀಮಂತನ ಮುಖ ಕಪ್ಪಿಟ್ಟಿತು. "ಅಂದ್ರ ಇಲ್ಲಿ ಕುಂತವರೇ..."

"ನಾವೆಲ್ಲಾ ಎದ್ದು ಹೋದವರು ಯಾರು ಅಂತ ಹುಡುಕಿದಿವಿ. ಕೇಳಬೇಕಾಗಿದ್ದು, ಇಲ್ಲೇ ಉಳದವರು ಯಾರು ಅಂತ. ಮೂರು ಹತ್ತಕ್ಕ ವಾಯರ್ ಸಿಕ್ಕಸಬೇಕು, ಮೂರು ಇಪ್ಪತ್ತೊಂದಕ್ಕ ಕೀಳಬೇಕು. ಕೀಳೂ ಹೊತ್ತಿಗೆ ಹೀರಾಬಾಯಿ ವಾರ್ಡಿನ್ಯಾಗ ಕೂಸಿನ ಹತ್ರ ಇದ್ಳು. ಶ್ರೀಮಂತ ವರಾಂಡಾದಾಗ ಇದ್ರು. ಈ ಕುರ್ಚಿ ಬಿಟ್ಟು ಏಳದೇ ಇದ್ದವರು ಒಬ್ಬರೇ. ವಾಯರ್ ಹಿಂಗ ಸಿಕ್ಕಸಿದ್ರ ಏನಾಗ್ತದ ಅಂತ ಎರಡು ತಿಂಗಳ ಹಿಂದ ಏಜಾಜನ ಬಾಯಿಂದಲೇ ಕೇಳಿದವರೂ ಅವರೇ."

ಎಲ್ಲರ ಕಣ್ಣು ಮುಖ್ಯ ಕುರ್ಚಿಯ ಕಡೆ ತಿರುಗಿತು. ಡಾಕ್ಟರ್ ನಂದಕಿಶೋರ ನಕ್ಕರು. "ಬಾಯಿಯವರ, ನೀವೇ ಅಂದ್ರಿ, ನಾ ಎದ್ದೇ ಇಲ್ಲ ಅಂತ. ಕುಂತಲ್ಲೇ ಕುಂತು ಆ ಕೋಣಿಯಿಂದ ಔಷಧ ಹ್ಯಾಂಗ ಕದೀಲಿ?"

ಇಸ್ಮಾಯಿಲನಿಗೂ ಅದೇ ಪ್ರಶ್ನೆ ಎದ್ದಿತ್ತು.

"ಬುಧವಾರ ಕಳವೇ ಆಗಿಲ್ಲ," ಎಂದರು ಭಾಗೀರಥಿಬಾಯಿ. "ಔಷಧ ಸೋಮವಾರಕ್ಕೇ ಇರಲಿಲ್ಲ. ಇದ್ದಿದ್ರ ಪೀರಪ್ಪನ್ನ ಗಾಡಿಯಿಂದ ಇಳಸದೇ ಕಳಸ್ತಿದ್ರೇನು? ಡಬ್ಬಿ ಮಾತ್ರ ಹಂಗೇ ಇತ್ತು, ಯಾರೂ ತೆರೆದು ನೋಡಿರಲಿಲ್ಲ. ಬುಧವಾರ ದಾಸ್ತಾನಿನ ತಪಾಸಣಿ ಅದ ಅಂತ ಮಂಗಳವಾರ ಆಳಂದದಿಂದ ಸುದ್ದಿ ಬಂತು. ಆವಾಗ ಒಂದು ಕಳವು ಬೇಕಾತು. ಕ್ಯಾಮೆರಾ ಕುರುಡಾದ ಹನ್ನೊಂದು ನಿಮಿಷ ಇದ್ರ ಎಲ್ಲಾರೂ ಅದನ್ನೇ ಹಿಡಕೊಂಡು ಜಗ್ಗಾಡ್ತಾರ, ಅದರ ಹಿಂದಿನ ದಿನಗಳ ಚಿತ್ರ ಯಾರೂ ನೋಡಂಗಿಲ್ಲ. ಖರೇನೇ ಯಾರೂ ನೋಡಲಿಲ್ಲ. ನಾ ನಿನ್ನೆ ಶ್ರೀರಂಗ ಅವರಿಗೆ ನೋಡ್ರಿ ಅಂದೆ."

ಶ್ರೀರಂಗ ಏಜಾಜನ ಲ್ಯಾಪ್‌ಟಾಪಿಗೆ ಒಂದು ಪೆನ್‌ಡ್ರೈವ್ ಸಿಕ್ಕಿಸಿದರು. ಶನಿವಾರ ಮಧ್ಯಾಹ್ನ ಎರಡೂವರೆ: ಡಾಕ್ಟರು ಕೂಲರ್ ತಳ್ಳಿಕೊಂಡು ಔಷಧದ ಕೋಣೆ ಹೊಕ್ಕರು. ಐದಕ್ಕೆ ಬರಿಗೈಯಲ್ಲಿ ಹೊರಬಂದರು. ಭಾನುವಾರ ಬಾಗಿಲು ತೆರೆಯಲೇ ಇಲ್ಲ. ಸೋಮವಾರ ಬೆಳಗ್ಗೆ ಏಳು: ಒಳಗೆ ಹೋದವರು ಒಂದು ತುಂಬಿದ ಚೀಲ ಹಿಡಿದು ಹೊರಬಂದು, ಎಡಬಲ ನೋಡಿದರು.

"ಭಾನುವಾರ ಬಾಗಿಲೇ ತೆರೆದಿಲ್ಲ, ವಹಿಯಾಗ ಮಾತ್ರ ಎರಡು ಸಲ ಐದು ಅಂತ ಬರದದ," ಎಂದರು ಭಾಗೀರಥಿಬಾಯಿ. "ಆ ಕೋಣಿಯಾಗ ಒಂದೇ ಪ್ಲಗ್. ಕೂಲರ್ ಹಚ್ಚಬೇಕಾದ್ರ ಫ್ರಿಜ್ ಕೀಳಬೇಕು. ಕಿತ್ತಿರಿ, ಮಲಗಿದಿರಿ, ಎದ್ದು ಮರತು ಹೋದಿರಿ. ಈ ಬಿಸಿಲಾಗ ನಲವತ್ತು ತಾಸು ಫ್ರಿಜ್ ಬಂದ್. ಒಳಗಿನ ಔಷಧ ಎಲ್ಲಾ ಕೆಟ್ಟವು. ಇನ್ಸುಲಿನ್ ಊರಾಗೇ ಸಿಕ್ತು, ತಂದಿಟ್ಟಿರಿ. ಹಾವಿನದು ಅಫಜಲಪುರದಾಗ ಸಿಗಂಗಿಲ್ಲ. ಕಳ್ಳ ಅದೊಂದನ್ನೇ ಯಾಕ ಒಯ್ದ ಅಂತ ನಂಗ ಮೊದಲಿಂದ ಕೊರೀತಿತ್ತು. ಕಳ್ಳ ಒಯ್ದಿದ್ದಲ್ಲ, ಅದೊಂದನ್ನ ನಿಮಗ ತುಂಬಿಡಾಕ ಆಗಲಿಲ್ಲ."

ಡಾಕ್ಟರು ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ಸರಿಸಿದರು.

"ಶುಕ್ರವಾರದಿಂದ ಮೂರು ಹೆರಿಗಿ ಆಗಿದ್ವು, ಕಣ್ಣು ಮುಚ್ಚಿರಲಿಲ್ಲ," ಎಂದರು. "ಕೆಟ್ಟ ಔಷಧ ಯಾರಿಗೂ ಚುಚ್ಚಬಾರದು ಅಂತ ಹೂಳಿಬಿಟ್ಟೆ. ಕಲಬುರಗಿಯಿಂದ ತರಿಸಿದ್ರ ಯಾಕ ಅಂತ ಕೇಳ್ತಾರ, ಎರಡು ದಿನ ತಡೀಬೇಕು ಅಂದ್ಕೊಂಡೆ. ಇಪ್ಪತ್ತಾರು ವರ್ಷದಾಗ ನನ್ನ ಕಡಿ ಯಾರೂ ಬೆರಳು ತೋರಿಸಿರಲಿಲ್ಲ. ಒಂದು ಪ್ಲಗ್ಗಿಗೆ..."

"ಸೋಮವಾರ ಮುಂಜಾನೆ ಹೇಳಿದ್ರ ನಾನೇ ಹೋಗಿ ಮಧ್ಯಾಹ್ನದೊಳಗ ತರ್ತಿದ್ದೆ," ಎಂದಳು ಹೀರಾಬಾಯಿ. ಅವಳ ದನಿ ಏರಲಿಲ್ಲ. "ಪೀರಪ್ಪ ಬಂದಾಗ ಔಷಧ ಇರ್ತಿತ್ತು, ಸಾಹೇಬ್ರ."

ಶ್ರೀರಂಗ ಡಾಕ್ಟರನ್ನು ಪಕ್ಕದ ಕೋಣೆಗೆ ಕರೆದೊಯ್ದರು. ಆಗಿದ್ದೆಲ್ಲವನ್ನೂ ಡಾಕ್ಟರೇ ಬರೆದು ಸಹಿ ಮಾಡಿದರು, ಆ ಕಾಗದ ಅಂದೇ ಪೊಲೀಸ್ ಠಾಣೆಗೆ ಹೋಯಿತು. ಶ್ರೀಮಂತ ಏಜಾಜನ ಮುಂದೆ ಬಂದು ನಿಂತು, ಜೇವರ್ಗಿಗೆ ಹೋಗಲು ಆಸ್ಪತ್ರೆಯ ಜೀಪು ಕೊಡುತ್ತೇನೆಂದ. ಏಜಾಜ ಬೇಡವೆಂದ.

ಇಸ್ಮಾಯಿಲನಿಗೂ ಅವನ ಕಣ್ಣು ತಪ್ಪಿಸುವಂತಾಗಿತ್ತು. ತಾಯಿ-ಮಗ ಇಬ್ಬರನ್ನೂ ಮನೆಗೆ ಬಿಡಲು ಆಟೋ ಚಾಲೂ ಮಾಡಿದ. ಪ್ಯಾರಿಬಿ ಹತ್ತಲಿಲ್ಲ. ಮಗನ ತೋಳು ಹಿಡಿದು ನಿಂತುಬಿಟ್ಟಳು.

"ಏಜಾಜ, ಒಂದು ಮಾತು ಹೇಳ್ತೇನಿ. ಡಾಕ್ಟರ್ ಸಾಹೇಬ್ರು ನನ್ನ ಕರದು, ನಿನ್ನ ಮಗ ತಪ್ಪು ಮಾಡ್ಯಾನ, ಒಪ್ಪಿಸು ಅಂದಾಗ ನಾ ನಂಬಿದ್ದೆ. ಬಾಯಿಯವರ ಮುಂದ ನನ್ನ ಮಗ ಅಂಥಾವಲ್ಲ ಅನ್ನೂ ಮಾತು ನನ್ನ ಬಾಯಾಗ ಬರಲೇ ಇಲ್ಲ. ಬಿಡಸ್ರಿ ಅಂತ ಅಷ್ಟೇ ಬೇಡಿಕೊಂಡೆ."

ಏಜಾಜ ತಾಯಿಯನ್ನು ನೋಡಿದ. ಎರಡು ದಿನಗಳಲ್ಲಿ ಅವನು ಯಾರನ್ನಾದರೂ ನೇರವಾಗಿ ನೋಡಿದ್ದು ಅದೇ ಮೊದಲು.

"ಗೊತ್ತಿತ್ತು ಅಮ್ಮಿ," ಎಂದ. "ನೀ ಒಂದು ಸಲನೂ ನನ್ನ ಕೇಳಲಿಲ್ಲ, ಮಾಡಿಯೋ ಇಲ್ಲೋ ಅಂತ. ಅದಕ್ಕೇ ಗೊತ್ತಾತು."

ಅವನು ಅವಳ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ಆಟೋ ಕೂಡ ಹತ್ತಲಿಲ್ಲ. ಇಬ್ಬರೂ ರಸ್ತೆಯ ಅಂಚು ಹಿಡಿದು ನಡೆಯತೊಡಗಿದರು, ಅವನು ಒಂದು ಹೆಜ್ಜೆ ಮುಂದೆ, ಅವಳು ಒಂದು ಹೆಜ್ಜೆ ಹಿಂದೆ. ಇಸ್ಮಾಯಿಲ ಇಂಜಿನ್ ಬಂದ್ ಮಾಡಿ ಭಾಗೀರಥಿಬಾಯಿಯವರ ಕಡೆ ನೋಡಿದ. ಅವರು ಸೆರಗು ಹೊದ್ದು ಹಿಂದಿನ ಸೀಟಿನಲ್ಲಿ ಕೂತರು.